ಪೆಟ್ಟಿಗೆ ಮೊದಲು ದಾಟಿತು

ಫೆಬ್ರವರಿ 2

ಪ್ರೀತಿಯ ಪಿಟೀಲಿಗೆ,

ಈ ಹೆಸರು ಕಂಡ ಕೂಡಲೇ ಮೂಗು ಮುರಿಯಬೇಡ. ತಾಯಿಯಾಗಲಿರುವವಳನ್ನು ಹೀಗೆ ಕರೆಯಬಾರದೆಂದು ನನಗೂ ಗೊತ್ತು. ಆದರೆ ಹುಟ್ಟಿದಂದಿನಿಂದ ಶಾಲೆಗೆ ಸೇರುವವರೆಗೆ ಒಂದೇ ರಾಗ ಎಳೆದವಳಿಗೆ ಬೇರೆ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ.

ಬರುತ್ತಿದ್ದೇನೆ. ಬೆನ್ನು ನೋವೆಂದು ಹೇಗೂ ಅರ್ಧ ರಜೆಯಲ್ಲೇ ಇದ್ದೆ. ಪೂರ್ತಿ ರಜೆ ಕೇಳಿದಾಗ ಕಂಪನಿಯವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಈ ಊರಿನ ಲಿಫ್ಟುಗಳು ಕೆಲವು ದಿನ ನಾನಿಲ್ಲದೆ ಏರಿಳಿಯಲಿ. ನಿನ್ನ ಹಡಗಪ್ಪ ಏಪ್ರಿಲ್‌ವರೆಗೆ ನಡುಸಮುದ್ರದಲ್ಲಿ ಊರವರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದರೆ, ಹಾಸಿಗೆ ಬಿಟ್ಟು ಏಳಬಾರದ ಹೆಂಡತಿಗೆ ಬೇಯಿಸಿ ಹಾಕುವವರು ಯಾರು? ನಾನು. ನಗಬೇಡ. ಮೊಟ್ಟೆ ಬೇಯಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಒಂದು ಮಾತು. ನಾನು ವಿಮಾನದಲ್ಲಿ ಬರುತ್ತಿಲ್ಲ. ಕಿವಿಯೊಳಗೆ ಏನೋ ಊದಿಕೊಂಡಿದೆಯಂತೆ, ಮೇಲೆ ಹಾರಬೇಡಿ ಎಂದಿದ್ದಾರೆ ಡಾಕ್ಟರು. ಹಾಗಾಗಿ ಬಸ್ಸು, ಅದು ಇಳಿದರೆ ಮತ್ತೊಂದು ಬಸ್ಸು, ಅದೂ ಇಳಿದರೆ ಇನ್ನೊಂದು, ಕೊನೆಗೆ ರೇವಿನಿಂದ ಫೆರ್ರಿ. ತಿಂಗಳ ಕೊನೆಯ ವಾರ ನಿನ್ನ ಬಾಗಿಲು ಬಡಿಯುತ್ತೇನೆ. ನಿಮ್ಮ ಕಟ್ಟಡದ ಫೋನು ಕೆಳಗಿನ ಅಂಗಡಿಯಲ್ಲಿದೆ, ನೀನು ಮೆಟ್ಟಿಲಿಳಿಯುವಂತಿಲ್ಲ. ದಾರಿಯುದ್ದಕ್ಕೂ ಕಾಗದ ಹಾಕುತ್ತಿರುತ್ತೇನೆ.

ಮಗ್ಗುಲಾಗಿ ಮಲಗು, ಆದರೆ ಡಾಕ್ಟರು ಹೇಳಿದ ಮಗ್ಗುಲಿಗೇ.

ನಿನ್ನ ಅಣ್ಣ

*

ಫೆಬ್ರವರಿ 9

ಅಣ್ಣಾ,

ಕಿವಿ ಯಾವಾಗಿನಿಂದ? ಹೋದ ವರ್ಷ ಬೆನ್ನು, ಈ ವರ್ಷ ಕಿವಿ. ಮುಂದಿನ ವರ್ಷಕ್ಕೆ ಹಲ್ಲು ಉಳಿಸಿಕೊಂಡಿರು, ಅದಾದರೆ ನನ್ನ ಕೈಯಲ್ಲೇ ಆಗುತ್ತದೆ. ಮಲಗಿದಲ್ಲೇ ಮಣೆ ಇಟ್ಟುಕೊಂಡು ಮೇಣದಲ್ಲಿ ದವಡೆ ಹಲ್ಲು ಕೆತ್ತುತ್ತಿದ್ದೇನೆ. ಕೃತಕ ಹಲ್ಲು ಮಾಡುವ ನಮ್ಮ ಲ್ಯಾಬಿನ ದೊಡ್ಡವರು ಪಾಪ, ಹಗುರ ಕೆಲಸ ನೋಡಿ ಮನೆಗೇ ಕಳಿಸುತ್ತಾರೆ. ಯಾರದೋ ಬಾಯಿಗೆ ಹೋಗಬೇಕಾದ ನಾಲ್ಕು ಹಲ್ಲು ಇವತ್ತು ಹೊದಿಕೆಯೊಳಗೆ ಕಳೆದುಹೋಗಿ, ಹುಡುಕಿ ಸಾಕಾಯಿತು.

ನೀನು ಇಷ್ಟು ದೂರ ಬಸ್ಸಿನಲ್ಲಿ ಬರುವುದು ಕೇಳಿ ನನಗೆ ಹೊಟ್ಟೆಕಿಚ್ಚು. ಗುಡ್ಡ, ಸೇತುವೆ, ಬೇರೆ ಬೇರೆ ಊರಿನ ಅಂಗಡಿ ಬೋರ್ಡುಗಳು! ನನಗೆ ಕಾಣುವುದು ಛಾವಣಿ. ಕಿಟಕಿಯಲ್ಲಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಒಂದು ಕಾಗೆ ದಿನಾ ಬಂದು ನನ್ನನ್ನು ನೋಡಿ ಹೋಗುತ್ತದೆ, ರೌಂಡ್ಸಿಗೆ ಬರುವ ಡಾಕ್ಟರ ಹಾಗೆ.

ಡಾಕ್ಟರಮ್ಮ ಎಲ್ಲ ಸರಿಯಿದೆ ಎಂದಿದ್ದಾರೆ. ಬರೀ ಮಲಗಬೇಕು, ಅಷ್ಟೇ. ಕೆಳಮನೆಯ ಅಜ್ಜಿ ಬೆಳಿಗ್ಗೆ ಸಂಜೆ ಬೀಗ ತೆಗೆದು ಒಳಗೆ ಬಂದು ನೋಡಿಕೊಳ್ಳುತ್ತಾರೆ. ಅವರು ಫೆರ್ರಿಯಲ್ಲಿ ಟಿಕೆಟ್ ಚೆಕ್ ಮಾಡುತ್ತಿದ್ದವರು. ಈಗಲೂ ಕೋಣೆಯೊಳಗೆ ಬಂದ ಕೂಡಲೇ ನಾನು ಟಿಕೆಟ್ ಇಲ್ಲದೆ ಮಲಗಿದ್ದೇನೆ ಎಂಬಂತೆ ನೋಡುತ್ತಾರೆ.

ನಿಧಾನವಾಗಿ ಬಾ. ಅವಸರವೇನಿಲ್ಲ.

ನಿನ್ನ ಪಿಟೀಲು (ಈಗ ತಂತಿ ಸಡಿಲ)

*

ಫೆಬ್ರವರಿ 18
ಎರಡನೇ ಬಸ್ಸು ಇಳಿದ ಊರಿನಿಂದ

ಪಿಟೀಲೇ,

ಕಾಯುವ ಕೋಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೋಣೆ ಎನ್ನುವುದಕ್ಕಿಂತ ಚಪ್ಪರ ಎನ್ನಬಹುದು, ಮೂರು ಕಡೆ ಗೋಡೆಯಿಲ್ಲ. ಒಳಗೆ ಬಿಸಿಮಾಡಿದ ಇನ್ನೊಂದು ಕೋಣೆಯಿದೆ, ಎಲ್ಲರೂ ಅಲ್ಲಿದ್ದಾರೆ. ನನಗೆ ಗಾಳಿ ಇಷ್ಟ.

ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದು ಕೂತೆ. ಆ ಮನುಷ್ಯ ಒಳ್ಳೆಯವನು, ಸ್ವಲ್ಪ ಬಾಯಿ ಜಾಸ್ತಿ.

"ಹಿಂದೆ ಪೂರ್ತಿ ಸಾಲು ಖಾಲಿ ಇದೆ, ಕಾಲು ಚಾಚ್ಕೊಂಡು ಮಲ್ಕೊಳ್ಳಿ ಸಾರ್."

"ಬೇಡಪ್ಪ, ಇಲ್ಲೇ ಚೆನ್ನಾಗಿದೆ."

"ಇಲ್ಲಿ ಇಂಜಿನ್ ಶಾಖ, ಹೊಗೆ, ನನ್ ಮಾತು. ಮೂರೂ ಸಹಿಸ್ಕೋಬೇಕು."

"ಮೂರೂ ಇರ್ಲಿ. ಬಾಗ್ಲು ಹತ್ರ ಇದೆಯಲ್ಲ."

ಆಮೇಲೆ ಒಂದು ಸುರಂಗ ಬಂತು. ಉದ್ದ ಸುರಂಗ. ನಾನು ಎದ್ದು ಬಾಗಿಲ ಕಂಬಿ ಹಿಡಿದು ನಿಂತೆ, ಕಾಲು ಜೋಮು ಹಿಡಿದಿತ್ತು. ಅವನು ಕನ್ನಡಿಯಲ್ಲಿ ನೋಡಿ, "ಯಾಕ್ ಸಾರ್, ಹಾರ್ತೀರಾ? ಹಾರೋದಿದ್ರೆ ಹೇಳಿ, ನಿಧಾನ ಮಾಡ್ತೀನಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಮುಂದಿನ ಸುರಂಗಕ್ಕೆ ಅವನೇ ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡೇ ಹೋದ. ಹಿಂದಿನವರು ಚಳಿ ಚಳಿ ಎಂದು ಕೂಗಾಡಿದರು.

ಮುಂದಿನ ಕಾಗದ ರೇವಿನಿಂದ. ಅಲ್ಲಿ ಕಡಲ ಎದುರಿನ ಲಾಡ್ಜಿನಲ್ಲಿ ಒಂದು ದಿನ ಇರುತ್ತೇನೆ. ವಿಳಾಸ ಹಿಂದೆ ಬರೆದಿದ್ದೇನೆ.

ಅಣ್ಣ

*

ಫೆಬ್ರವರಿ 21
ರೇವಿನಿಂದ

ಪಿಟೀಲೇ,

ಸಮುದ್ರ ಹುಚ್ಚೆದ್ದಿದೆ. ಫೆರ್ರಿ ರದ್ದು. ಲಂಗರು ಹಾಕಿದ ಹಡಗೇ ಕುಡಿದವನ ಹಾಗೆ ತೂಗುತ್ತಿದೆ. ನಮ್ಮ ಬಸ್ಸಿನ ಜನರೆಲ್ಲ ಟಿಕೆಟ್ ಕಿಂಡಿಯ ಮುಂದೆ ನಿಂತು ಗುಮಾಸ್ತೆಯ ತಲೆ ತಿನ್ನುತ್ತಿದ್ದಾರೆ. ಬಿರುಗಾಳಿ ಎಬ್ಬಿಸಿದ್ದು ತಾನೇ ಎಂಬಂತೆ ಆಕೆ ಎಲ್ಲರ ಕ್ಷಮೆ ಕೇಳುತ್ತಿದ್ದಾಳೆ.

ಲಾಡ್ಜು ಚೆನ್ನಾಗಿದೆ. ನೆಲಮಹಡಿಯ ಕೋಣೆ, ಅಂಗಳಕ್ಕೆ ಬಾಗಿಲು. ಲಾಡ್ಜಿನಾಕೆ ಮೇಲಿನ ಮಹಡಿಯ ದೊಡ್ಡ ಕೋಣೆ ಕೊಡುತ್ತೇನೆಂದಳು, ಬೇಡವೆಂದೆ. ಗಾಳಿ ಇಳಿದ ಕೂಡಲೇ ಹೊರಡುತ್ತೇನೆ. ನಿನಗೆ ನೋವು ಗೀವು ಇಲ್ಲ ತಾನೇ? ಇದ್ದರೆ ಇದ್ದ ಹಾಗೆ ಬರೆ.

ಅಣ್ಣ

*

ಫೆಬ್ರವರಿ 24

ಅಣ್ಣಾ,

ನೋವಿಲ್ಲ, ಗೀವೂ ಇಲ್ಲ. ಅಕ್ಷರ ಓರೆಯಾಗಿರುವುದು ಒಂದೇ ಮಗ್ಗುಲಲ್ಲಿ ಮಲಗಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿರುವುದರಿಂದ. ಲ್ಯಾಬಿನ ಕೆಲಸ ವಾಪಸು ಕಳಿಸಿದೆ. ಬೇಸರ ಬಂತು, ಅಷ್ಟೇ.

ಇಲ್ಲೂ ಗಾಳಿ ಜೋರಿತ್ತು, ಈಗ ನಿಂತಿದೆ. ಕಾಗೆ ಮರಳಿ ಬಂದಿದೆ. ದಿನವಿಡೀ ಕೆಳಗಿನವರ ಬಾಗಿಲು ತೆಗೆಯುವುದು, ಮುಚ್ಚುವುದು, ಮೆಟ್ಟಿಲ ಮೇಲೆ ಯಾರೋ ಓಡುವುದು ಕೇಳುತ್ತಾ ಇರುತ್ತೇನೆ. ಹೆಜ್ಜೆ ಸದ್ದು ಮೂರನೇ ಮಹಡಿಗೆ ಬಂದಾಗ ನೀನೇ ಇರಬಹುದು ಅನ್ನಿಸುತ್ತದೆ. ಸದ್ದು ಮೇಲಕ್ಕೆ ಹೋಗಿಬಿಡುತ್ತದೆ.

ಅದಿರಲಿ. ಸಮುದ್ರ ಸುಮ್ಮನಾದ ಮೇಲೆ ಬಂದರಾಯಿತು. ನಿನ್ನ ಬೆನ್ನು, ಕಿವಿ ಹಾಳು ಮಾಡಿಕೊಳ್ಳಬೇಡ. ನನಗಂತೂ ಅವಸರವಿಲ್ಲ.

ಪಿಟೀಲು

*

ಫೆಬ್ರವರಿ 28
ರೇವಿನಿಂದ

ಪಿಟೀಲೇ,

ಅವಸರವಿಲ್ಲ ಎಂದು ನೀನು ಬರೆದದ್ದು ಓದಿ ಸಮಾಧಾನವಾಯಿತು. ಏಕೆಂದರೆ ಫೆರ್ರಿ ಇನ್ನೂ ನಿಂತೇ ಇದೆ. ಗಾಳಿ ಇಳಿಯಿತು, ಆದರೆ ಇಂಜಿನ್ನಿಗೆ ಪೆಟ್ಟು ಬಿದ್ದಿದೆಯಂತೆ. ದೊಡ್ಡ ಶಾಫ್ಟು ಸೊಟ್ಟಗಾಗಿ ಬೇರಿಂಗು ತಿಂದುಹಾಕಿದೆ. ಹೊಸ ಬೇರಿಂಗು ಬೇರೆ ಊರಿನಿಂದ ಬರಬೇಕು, ಅದನ್ನು ಕೂರಿಸುವ ಮೊದಲು ಹಳೆಯದನ್ನು ಕಾಯಿಸಿ ಹೊರಗೆಳೆಯಬೇಕು, ಆಮೇಲೆ ಗ್ರೀಸು, ಆಮೇಲೆ ಪರೀಕ್ಷೆಯ ಓಟ. ಇಂಥ ಕೆಲಸದಲ್ಲಿ ದುಡುಕಬಾರದು. ನಾನೇ ಆ ಜಾಗದಲ್ಲಿದ್ದರೂ ದುಡುಕುತ್ತಿರಲಿಲ್ಲ.

ನಾನು ಸುಮ್ಮನೆ ಕೂತಿಲ್ಲ. ಲಾಡ್ಜಿನಾಕೆಯ ಕಿರುಗುಟ್ಟುವ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟೆ. ಬಟ್ಟೆ ಒಗೆಯುವ ಯಂತ್ರ ಬಿಚ್ಚಿ ಜೋಡಿಸಿದೆ, ಒಂದು ಸ್ಕ್ರೂ ಉಳಿಯಿತು, ಆದರೂ ತಿರುಗುತ್ತದೆ. ಬೆಳಿಗ್ಗೆ ಕಟ್ಟೆಯ ಮೇಲೆ ನಡೆದು ಕೊನೆಯವರೆಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ. ಒಂದು ಕಡೆ ನೀರು, ಒಂದು ಕಡೆ ಬಸ್ಸು ಬಂದ ರಸ್ತೆ. ಎರಡರ ನಡುವೆ ನಾನು, ನಿನ್ನ ಮಗುವಿಗೆ ತಂದ ಉಣ್ಣೆಯ ಟೊಪ್ಪಿಗೆ ಜೇಬಿನಲ್ಲಿ.

ಲಾಡ್ಜಿನಾಕೆ ಇವತ್ತು ಕೇಳಿದಳು, "ಅಣ್ಣಾವ್ರೇ, ನೀವು ಹೋಗೋರಾ, ಇರೋರಾ? ಹೇಳಿದ್ರೆ ಪರದೆ ಬದಲಾಯಿಸ್ತೀನಿ." ನಗು ಬಂತು.

ಅಣ್ಣ

*

ಮಾರ್ಚ್ 3

ಅಣ್ಣನಿಗೆ,

ನಿನ್ನ ಕಾಗದ ನಿನ್ನೆ ಬಂತು. ಕೆಳಮನೆಯ ಅಜ್ಜಿ ತಂದುಕೊಟ್ಟು, "ಏನಂತೆ ನಿಮ್ಮಣ್ಣ?" ಎಂದರು. ಫೆರ್ರಿ ಕೆಟ್ಟು ನಿಂತಿದೆಯಂತೆ, ಬೇರಿಂಗಂತೆ, ಎಂದು ಓದಿ ಹೇಳಿದೆ. ಅವರು ನನ್ನನ್ನು ನೋಡಿದರು, ಕಾಗದವನ್ನು ನೋಡಿದರು.

"ಅಲ್ಲಮ್ಮಾ, ದೋಣಿ ನಿಂತಿದ್ರೆ ಈ ಕಾಗದ ಈಜ್ಕೊಂಡು ಬಂತಾ?"

ನನಗೆ ಅರ್ಥವಾಗಲಿಲ್ಲ. ಅವರು ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದರು. ಆ ದಡದ ಟಪಾಲೆಲ್ಲ ಅದೇ ಫೆರ್ರಿಯಲ್ಲಿ ಬರುವುದು. ಬೇರೆ ದಾರಿಯೇ ಇಲ್ಲ. ಇಪ್ಪತ್ತೆರಡನೇ ತಾರೀಕಿನಿಂದ ಅದು ಒಂದು ದಿನವೂ ತಪ್ಪಿಲ್ಲ. "ನಾನು ದಿನಾ ಬಾಲ್ಕನಿಯಿಂದ ಅದರ ಹೊಗೆ ನೋಡ್ತೀನಿ, ನನ್ ಕಣ್ಣು ಇನ್ನೂ ಹೋಗಿಲ್ಲ" ಎಂದರು.

ನನ್ನ ಹೋದ ಕಾಗದ ಅದರಲ್ಲೇ ನಿನ್ನ ಕೈಗೆ ಬಂತು. ನಿನ್ನ ಎರಡು ಅದರಲ್ಲೇ ನನ್ನ ಕೈಗೆ ಬಂದವು. ಕಾಗದ ಬರುವಷ್ಟು ಸಲೀಸಾಗಿ ನೀನು ಬರಬಹುದಿತ್ತು.

ನಿನ್ನೆಯಿಂದ ಬೇರೆ ಕೆಲಸವಿಲ್ಲದೆ ಇದೊಂದನ್ನೇ ಯೋಚಿಸಿದೆ. ಅಪ್ಪ ಅಮ್ಮ ಹೋದಾಗ ನಿನಗೆ ಇಪ್ಪತ್ತು, ನನಗೆ ಎಂಟು. ನನ್ನ ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಜ್ವರಕ್ಕೆ ಎದ್ದು ಕೂತಿದ್ದು, ಮದುವೆ ಮಾಡಿಸಿದ್ದು ಎಲ್ಲ ನೀನು. ನಿನ್ನದೆನ್ನುವ ಒಂದು ಸಂಸಾರ ಮಾಡಿಕೊಳ್ಳಲಿಲ್ಲ. ಈಗ ಮತ್ತೊಂದು ಮಗು, ಮತ್ತೆ ಅದೇ ಚಾಕರಿ. ಸಾಕಾಗಿರಬಹುದು. ಸಾಕಾಗಿದ್ದರೆ ಸಾಕು ಎಂದು ಹೇಳಬಹುದಿತ್ತು ಅಣ್ಣಾ. ಬೇರಿಂಗಿನ ಕತೆ ಯಾಕೆ ಕಟ್ಟಬೇಕಿತ್ತು?

ಬರಬೇಡ. ನಾನು ಹೇಗೋ ಮಾಡಿಕೊಳ್ಳುತ್ತೇನೆ. ಪರದೆ ಬದಲಾಯಿಸಲು ಹೇಳು.

*

ಮಾರ್ಚ್ 6
ರೇವಿನಿಂದ

ಪುಟ್ಟಾ,

ನೀನು ಹೆಸರು ಹಾಕದೆ ಮುಗಿಸಿದ ಕಾಗದವನ್ನು ಅಂಗಳದಲ್ಲಿ ನಿಂತು ಓದಿದೆ. ಸಾಕಾಗಿಲ್ಲ. ಇದೊಂದನ್ನು ಮೊದಲು ಓದು, ಮಿಕ್ಕದ್ದು ಆಮೇಲೆ. ನೀನು ನನಗೆ ಯಾವತ್ತೂ ಸಾಕಾಗಿಲ್ಲ.

ಕಿವಿ ಚೆನ್ನಾಗಿದೆ. ಬೆನ್ನೂ ಚೆನ್ನಾಗಿದೆ.

ನವೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ, ಆಫೀಸುಗಳಿರುವ ಒಂದು ಕಟ್ಟಡದಲ್ಲಿ ರಿಪೇರಿ ಮುಗಿಸಿ, ಜೊತೆಯವನನ್ನು ಮನೆಗೆ ಕಳಿಸಿ, ಕೊನೆಯ ಪರೀಕ್ಷೆಗೆಂದು ಲಿಫ್ಟಿನೊಳಗೆ ಹೋದೆ. ಎರಡು ಮಹಡಿಗಳ ನಡುವೆ ಕರೆಂಟು ಹೋಯಿತು. ಅಪಾಯದ ಗಂಟೆಯ ತಂತಿಯನ್ನು ನಾನೇ ಕಳಚಿಟ್ಟಿದ್ದೆ, ಇಳಿದ ಮೇಲೆ ಜೋಡಿಸಿದರಾಯಿತು ಎಂದು. ಮೇಲಿನ ಕಿಂಡಿಗೆ ಹೊರಗಿನಿಂದ ಚಿಲಕ. ಕಟ್ಟಡದಲ್ಲಿ ಒಂದು ನರಪಿಳ್ಳೆಯಿಲ್ಲ. ಸೋಮವಾರ ಬೆಳಿಗ್ಗೆ ಕಸ ಗುಡಿಸುವಾಕೆ ಬಂದಾಗಲೇ ನಾನು ಹೊರಗೆ ಬಂದದ್ದು.

ಅಷ್ಟೂ ವರ್ಷ ಸಿಕ್ಕಿಬಿದ್ದವರಿಗೆ ಹೊರಗಿನಿಂದ ನಾನು ಒಂದೇ ಮಾತು ಹೇಳಿದವನು. ಗಾಬರಿಯಾಗ್ಬೇಡಿ, ಗಾಳಿ ಬರ್ತಾ ಇದೆ, ಐದೇ ನಿಮಿಷ. ಒಳಗೆ ಕೂತು ಅದನ್ನೇ ನನಗೆ ನಾನು ಹೇಳಿಕೊಂಡೆ. ನಂಬಿಕೆ ಬರಲಿಲ್ಲ. ಭಾನುವಾರ ಯಾವಾಗಲೋ ಕತ್ತಲೆಯಲ್ಲಿ ನಾಲ್ಕೂ ಗೋಡೆ ಹತ್ತಿರ ಬರುತ್ತಿವೆ ಎಂದು ಅಂಗೈಯಿಂದ ತಳ್ಳುತ್ತಾ ನಿಂತೆ. ಆ ತಳ್ಳಾಟ ಇನ್ನೂ ನಿಂತಿಲ್ಲ. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಳ್ಳಲಾರೆ. ಕೆಲಸಕ್ಕೆ ಹೋಗಿ ಲಿಫ್ಟಿನ ಮುಂದೆ ನಿಂತು ವಾಪಸು ಬಂದೆ, ಒಂದು ಸಲವಲ್ಲ. ಕಂಪನಿಯವರಿಗೆ ಬೆನ್ನು ನೋವು ಎಂದೆ. ನಿನಗೂ ಅದನ್ನೇ ಬರೆದೆ. ವಿಮಾನದ ಬಾಗಿಲು ಒಮ್ಮೆ ಮುಚ್ಚಿದರೆ ಯಾರು ಬೇಡಿಕೊಂಡರೂ ತೆರೆಯುವುದಿಲ್ಲ. ಬಸ್ಸಿನ ಬಾಗಿಲು ಹಾಗಲ್ಲ, ಅದು ಡ್ರೈವರಿನ ಕೈಯಲ್ಲಿದೆ, ಡ್ರೈವರು ನನ್ನ ಕಣ್ಣೆದುರಿಗಿದ್ದಾನೆ. ಅದೇ ಲೆಕ್ಕ ಹಾಕಿ ಹೊರಟದ್ದು.

ಫೆರ್ರಿಯ ಬಗ್ಗೆ ಮಾತ್ರ ನನಗೆ ತಿಳಿದಿರಲಿಲ್ಲ. ಇಪ್ಪತ್ತೆರಡರಂದು ಗಾಳಿ ನಿಂತು ಎಲ್ಲರೂ ಹತ್ತಿದೆವು. ಬಸ್ಸು ನಮ್ಮನ್ನು ಹೊತ್ತು ಹಡಗಿನ ಹೊಟ್ಟೆಗೆ ಇಳಿಯಿತು. ಸುತ್ತ ಲಾರಿಗಳು, ತಗ್ಗು ಕಬ್ಬಿಣದ ಛಾವಣಿ. ಹಿಂದಿನಿಂದ ಅಷ್ಟಗಲದ ಬಾಗಿಲು ಏಳುತ್ತಾ ಬಂತು, ಬೆಳಕು ಸಣ್ಣಗಾಗುತ್ತಾ ಹೋಯಿತು. ನಾನು ಬಸ್ಸಿನಿಂದ ಇಳಿದು ಓಡಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಬಾಗಿಲು ಮತ್ತೆ ಇಳಿಸಿದರು. ಜನ ಬಾಯಿಗೆ ಬಂದ ಹಾಗೆ ಬೈದರು. ಒಬ್ಬ ಹೆಂಗಸು ಮಾತ್ರ, "ಪಾಪ, ಬಿಡ್ರೀ, ಕುಡಿದಿರ್ಬೇಕು" ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿತು.

ನನ್ನ ಪೆಟ್ಟಿಗೆ ಬಸ್ಸಿನಲ್ಲೇ ಉಳಿಯಿತು. ಅದು ಸಮುದ್ರ ದಾಟಿ, ನಿನ್ನ ಊರು ನೋಡಿ, ಎರಡು ದಿನದ ಮೇಲೆ ಅದೇ ಬಸ್ಸಿನಲ್ಲಿ ಮರಳಿ ಬಂತು. ನನಗಿಂತ ಧೈರ್ಯಶಾಲಿ.

ಅಂದಿನಿಂದ ದಿನಾ ಕಟ್ಟೆಯ ಕೊನೆಗೆ ಹೋಗಿ ಅದು ಹೊರಡುವುದನ್ನು ನೋಡಿ ಬರುತ್ತೇನೆ. ಹಿಂದಕ್ಕೆ ಹೋಗೋಣವೆಂದರೆ ನೀನಿಲ್ಲ ಅಲ್ಲಿ. ಮುಂದಕ್ಕೆ ಬರೋಣವೆಂದರೆ ಕಾಲು ಏಳುವುದಿಲ್ಲ. ನೀನು ಅವಸರವಿಲ್ಲ ಎಂದಷ್ಟೂ ನಾಳೆ ನಾಳೆ ಎಂದು ತಳ್ಳಿದೆ. ನಲವತ್ತು ದಾಟಿದ ಗಂಡಸು ತಂಗಿಗೆ ಇದನ್ನು ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ, ಬೇರಿಂಗಿನ ಬಗ್ಗೆ ಬರೆದೆ.

ಅಣ್ಣ

*

ಮಾರ್ಚ್ 8

ಅಣ್ಣಾ,

ನೀನು ಸೋಮವಾರ ಬೆಳಿಗ್ಗೆ ಹೊರಗೆ ಬಂದೆ ಎಂಬಲ್ಲಿಗೆ ಬಂದು ನಿಲ್ಲಿಸಿದೆ, ಮುಂದೆ ಓದಲಾಗಲಿಲ್ಲ. ಅಜ್ಜಿ ಓದಿ ಹೇಳಿದರು. ಆ ವಾರ ನಾನು ನಿನಗೆ ಬರೆದದ್ದು ನೆನಪಿದೆ, ಹೊಸ ಪರದೆ ಬಟ್ಟೆ ಹಳದಿ ತರಲೋ ನೀಲಿಯೋ ಎಂದು. ನೀನು ನೀಲಿ ಎಂದು ಉತ್ತರ ಬರೆದಿದ್ದೆ.

ನಾನು ಹೋದ ಕಾಗದದಲ್ಲಿ ಬರೆದದ್ದನ್ನು ಹರಿದುಹಾಕು.

ಈಗ ನನ್ನ ಸರದಿ. ಎಲ್ಲ ಸರಿಯಿದೆ ಎಂದು ಡಾಕ್ಟರಮ್ಮ ಹೇಳಲೇ ಇಲ್ಲ. ಮಾಸು ಕೆಳಗಿದೆ, ಮಗುವಿನ ದಾರಿಗೆ ಅಡ್ಡವಾಗಿ. ಎರಡು ಸಲ ರಕ್ತ ಹೋಗಿದೆ. ಎರಡನೆಯದು ನಿನಗೆ ಪೆನ್ಸಿಲ್ಲಿನಲ್ಲಿ ಬರೆದೆನಲ್ಲ, ಅದರ ಹಿಂದಿನ ದಿನ. "ನಿಮ್ಮೋರು ಅಂತ ಯಾರಾದ್ರೂ ಹತ್ರ ಇರ್ಲಿ. ಯಾವ ಗಳಿಗೇಲಿ ಬೇಕಾದ್ರೂ ಕರ್ಕೊಂಡು ಹೋಗಿ ಮಗೂನ ತೆಗೀಬೇಕಾಗ್ಬಹುದು" ಎಂದಿದ್ದಾರೆ. ಅವಸರವಿತ್ತು ಅಣ್ಣಾ. ಮೊದಲಿನಿಂದಲೂ ಇತ್ತು. ಹೇಳಿದರೆ ನೀನು ಕಿವಿ ಒಡೆದುಕೊಂಡಾದರೂ ವಿಮಾನ ಹತ್ತುತ್ತೀ ಎಂದು ಹೆದರಿ ಹೇಳಲಿಲ್ಲ. ನಮ್ಮಿಬ್ಬರ ಒಳ್ಳೆಯತನಕ್ಕೆ ಬೆಂಕಿ ಬಿತ್ತು.

ಧೈರ್ಯ ತಂದುಕೋ ಎಂದು ಬರೆಯುವುದಿಲ್ಲ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಬಸ್ಸಿನ ಜೊತೆ ಹೊಟ್ಟೆಯೊಳಗೆ ಹೋಗ್ಬೇಡ ಅನ್ನು. ಬಸ್ಸಿನ ಟಿಕೆಟ್ ಬಿಟ್ಟು ನಡೆದು ಹತ್ತೋರ ಟಿಕೆಟ್ ತಗೊಳ್ಲಿ. ಅದಕ್ಕೆ ಹೊರಗಿನ ಏಣಿ ಇದೆ, ಸೀದಾ ಮೇಲಿನ ಡೆಕ್ಕು. ಅಲ್ಲಿ ಛಾವಣಿ ಇಲ್ಲ, ಗೋಡೆ ಇಲ್ಲ. ದೋಣಿ ಹಗ್ಗ ಕಟ್ಟೋ ಹಗ್ಗದವಳು ಒಬ್ಳು ಇರ್ತಾಳೆ, ಕೆಂಪು ಟೋಪಿ, ನನ್ ಹೆಸ್ರು ಹೇಳ್ಲಿ."

ಬಂದರೆ ಬಾ. ಬರಲಾಗದಿದ್ದರೆ ಬರಲಾಗಲಿಲ್ಲ ಎಂದೇ ಬರೆ. ಎರಡರಲ್ಲಿ ಯಾವುದಾದರೂ ನಿಜವಿರಲಿ.

ನಿನ್ನ ಪಿಟೀಲು

*

ಮಾರ್ಚ್ 11
ಆಸ್ಪತ್ರೆಯಿಂದ

ಅಣ್ಣಾ,

ಇದು ಅಜ್ಜಿಯ ಕೈಬರಹ, ನನ್ನ ಮಾತು. ಇವತ್ತು ಬೆಳಿಗ್ಗೆ ಮತ್ತೆ ಆಯಿತು, ಈ ಸಲ ನಿಲ್ಲಲಿಲ್ಲ. ಮೂರು ಮಹಡಿ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಎಷ್ಟೋ ವಾರದ ಮೇಲೆ ಆಕಾಶ ನೋಡಿದೆ, ಅಷ್ಟಗಲ ಇದೆಯೆಂದು ಮರೆತೇ ಹೋಗಿತ್ತು. ಮಧ್ಯಾಹ್ನ ಒಳಗೆ ಕರೆದುಕೊಂಡು ಹೋಗುತ್ತಾರೆ. ನನ್ನವರು ಯಾರೆಂದು ಕೇಳಿದರು, ನಿನ್ನ ಹೆಸರನ್ನೇ ಕೊಟ್ಟಿದ್ದೇನೆ. ಹೆದರಿಕೆ ಇದೆ. ಇನ್ನೇನು ಹೇಳಬೇಕೋ

ಅಣ್ಣಾವ್ರಿಗೆ ನಮಸ್ಕಾರ. ನಾನು ಕೆಳಮನೆಯವಳು. ಅವಳನ್ನ ಈಗ ತಳ್ಳಿಕೊಂಡು ಹೋದರು, ಮಾತು ಅರ್ಧಕ್ಕೆ ನಿಂತಿತು. ಕಾಗದ ನಿಮಗೆ ಸಿಗುತ್ತೋ, ಅಷ್ಟರಲ್ಲಿ ನೀವೇ ಬರುತ್ತೀರೋ ಗೊತ್ತಿಲ್ಲ. ಸಿಕ್ಕಿದರೆ, ಸಿಕ್ಕಿದ ದೋಣಿ ಹತ್ತಿ.

*

ಮಾರ್ಚ್ 12
ಫೆರ್ರಿಯ ಮೇಲಿನ ಡೆಕ್ಕಿನಿಂದ

ಪಿಟೀಲೇ,

ಈ ಕಾಗದಕ್ಕೆ ಅಂಚೆಚೀಟಿ ಬೇಡ, ಟಪಾಲು ನಾನೇ. ಹತ್ತಿದ್ದೇನೆ. ಹಡಗು ಹೊರಟಿದೆ. ಎರಡು ಕೈಯಲ್ಲೂ ಕಂಬಿ ಹಿಡಿದಿದ್ದರಿಂದ ಇಷ್ಟು ಹೊತ್ತು ಬರೆಯಲಾಗಲಿಲ್ಲ.

ಲಾಡ್ಜಿನಾಕೆ ಕಟ್ಟೆಯವರೆಗೆ ಬಂದಳು. ಏಣಿಯ ಬುಡದಲ್ಲಿ ನಾನು ನಿಂತುಬಿಟ್ಟೆ. ಆಕೆ ಪೆಟ್ಟಿಗೆ ಎತ್ತಿಕೊಂಡು ನನಗಿಂತ ಮೊದಲು ಹತ್ತಿ ಮೇಲಿಟ್ಟು ಇಳಿದು ಬಂದಳು. "ಈಗ ಅದನ್ನ ತರೋಕಾದ್ರೂ ಹತ್ತಿ" ಎಂದಳು.

ಕೆಂಪು ಟೋಪಿಯ ಹಗ್ಗದವಳು ಸಿಕ್ಕಳು. ಅಜ್ಜಿಯ ಹೆಸರು ಹೇಳಿದ ಕೂಡಲೇ, "ಆಯಮ್ಮ ಇನ್ನೂ ಇದಾರಾ?" ಎಂದು ಹೆದರಿದಂತೆ ಸುತ್ತ ನೋಡಿದಳು. ನನ್ನ ಕತೆ ಎರಡು ವಾಕ್ಯದಲ್ಲಿ ಹೇಳಿದೆ. ಆಕೆ ನಗಲಿಲ್ಲ. ಡೆಕ್ಕಿನಿಂದ ಒಳಗೆ ಹೋಗುವ ಬಾಗಿಲ ಹತ್ತಿರ ಕರೆದೊಯ್ದು, "ನೋಡಿ, ಈ ಚಿಲಕ ಎರಡೂ ಕಡೆಯಿಂದ ತೆಗೀಬಹುದು. ತೆಗೆದು ನೋಡಿ" ಎಂದಳು. ತೆಗೆದೆ, ಹಾಕಿದೆ. ಮತ್ತೆ ತೆಗೆದೆ. ಎಷ್ಟು ಸಲವೆಂದರೆ, "ಸವೆದುಹೋಗತ್ತೆ, ಬಿಡಿ ಸ್ವಾಮಿ" ಎಂದಳು.

ಮಧ್ಯಾಹ್ನ. ಮಂಜು ಕವಿದಿದೆ, ಹಡಗು ನಿಂತಿದೆ. ನಿನ್ನ ಊರು ಇಲ್ಲೇ ಎಲ್ಲೋ ಮುಂದಿದೆಯಂತೆ, ದಾರಿ ಕಾಣುವವರೆಗೆ ಅಲ್ಲಾಡುವುದಿಲ್ಲವಂತೆ. ಸುತ್ತ ಬಿಳಿ. ಗೋಡೆಯಿಲ್ಲ ಎಂದರು ಅಜ್ಜಿ, ಈಗ ಎಲ್ಲ ಕಡೆಯೂ ಗೋಡೆ. ಎರಡು ಸಲ ವಾಂತಿ ಮಾಡಿದೆ. ಬೆವರಿ ಅಂಗಿ ಒದ್ದೆ. ಕಂಬಿ ಹತ್ತಿ ನೀರಿಗೆ ಹಾರಿದರೆ ನಿಂತಲ್ಲೇ ನಿಲ್ಲುವುದಕ್ಕಿಂತ ವಾಸಿ ಎಂದು ಒಂದು ಗಳಿಗೆ ನಿಜವಾಗಿ ಅನ್ನಿಸಿತು. ಸುಳ್ಳು ಬರೆಯಬಾರದು ಎಂದು ಒಪ್ಪಿದ್ದೇವಲ್ಲ, ಅದಕ್ಕೆ ಬರೆದೆ. ಹಗ್ಗದವಳು ನನ್ನ ಪಕ್ಕಕ್ಕೇ ಬಂದು ಹಗ್ಗ ಸುತ್ತುತ್ತಾ ಕೂತಿದ್ದಾಳೆ. ಅದೇ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಾಳೆ, ನಾನು ನೋಡಿಲ್ಲವೆಂದುಕೊಂಡಿದ್ದಾಳೆ.

ನೀನು ಎಷ್ಟು ವಾರ ಆ ಛಾವಣಿ ನೋಡುತ್ತಾ ಮಲಗಿದ್ದೀ ಎಂದು ಯೋಚಿಸುತ್ತಿದ್ದೆ. ನನ್ನದು ಶನಿವಾರದಿಂದ ಸೋಮವಾರ. ನಿನ್ನ ಕೋಣೆಯಲ್ಲಿ ಬಾಗಿಲು ತೆರೆದೇ ಇತ್ತು, ಏಳುವ ಹಾಗಿರಲಿಲ್ಲ. ಅದರಲ್ಲೂ ಕಾಗೆಯ ಮೇಲೆ ಜೋಕು ಬರೆದೆ ನೀನು.

ಬಂದ ಕೂಡಲೇ ಮೊಟ್ಟೆ ಬೇಯಿಸುತ್ತೇನೆ. ಮಗು ಇನ್ನೂ ಒಳಗೇ ಇರಲಿ, ಹೊರಗೆ ಮಂಜು ಎಂದು ಹೇಳು. ಇಂಜಿನ್ನಿನ ಸದ್ದು ಶುರುವಾಯಿತು. ಕೈ ಬೇಕು, ನಿಲ್ಲಿಸುತ್ತೇನೆ.

*

ಮಾರ್ಚ್ 13, ಬೆಳಿಗ್ಗೆ
ಆಸ್ಪತ್ರೆಯ ಕೆಳಗಿನ ಹಜಾರದಿಂದ

ಪುಟ್ಟಾ,

ಬಂದಿದ್ದೇನೆ. ನಿನ್ನ ಮನೆಗೆ ಬೀಗ, ಕೆಳಗಿನ ಅಂಗಡಿಯವನು ಹೇಳಿದ. ನಿಮ್ಮ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲವಂತೆ. ಬಾಗಿಲಲ್ಲಿ ಕಾವಲಿಗೆ ಕೂತಾಕೆಯ ಜೊತೆ ಜಗಳವಾಡಿ ಸೋತೆ. ಹಡಗಿನಲ್ಲಿ ಬರೆದದ್ದನ್ನೂ ಇದನ್ನೂ ಆಯಾ ತಂದುಕೊಡುತ್ತಾಳೆ. ಹೇಗಿದ್ದೀ? ಎರಡಕ್ಷರ ಬರೆ.

ಅಣ್ಣ

*

ಮಾರ್ಚ್ 13
ವಾರ್ಡಿನಿಂದ

ಅಣ್ಣಾ,

ನೀನು ಕೆಳಗಿನ ಹಜಾರದಲ್ಲಿದ್ದೀ ಎಂದು ಆಯಾ ಹೇಳಿದಾಗ ನಂಬಲಿಲ್ಲ. ಹೇಗಿದ್ದಾರೆ ಎಂದೆ. "ಕಂಬದ ಹಂಗೆ ನಿಂತವ್ರೆ, ಬಾಗ್ಲು ಪಕ್ಕ" ಎಂದಳು. ಆಗ ನಂಬಿದೆ.

ಹೊಟ್ಟೆ ಕೊಯ್ದಿದ್ದಾರೆ, ಏಳಬಾರದು, ಇನ್ನೂ ಎರಡು ದಿನ. ರಕ್ತ ಕೊಟ್ಟರು, ನನಗೇನೂ ಆಗುವುದಿಲ್ಲವಂತೆ. ಹೆಣ್ಣು ಮಗು. ಬೇಗ ಬಂದಳು. ನಾನು ಇನ್ನೂ ನೋಡಿಲ್ಲ ಅಣ್ಣಾ. ಎರಡನೇ ಮಹಡಿಯಲ್ಲಿ ಗಾಜಿನ ಗೂಡಿನೊಳಗೆ ಇಟ್ಟಿದ್ದಾರೆ. ಕೇಳಿದರೆ ಎಲ್ಲರೂ "ಚೆನ್ನಾಗಿದಾಳೆ" ಎನ್ನುತ್ತಾರೆ, ನಾನು ನಿನಗೆ ಎಲ್ಲ ಸರಿಯಿದೆ ಎಂದು ಬರೆಯುತ್ತಿದ್ದೆನಲ್ಲ, ಅದೇ ಧಾಟಿ.

ನೀನು ಹೋಗಿ ನೋಡು. ಸೋದರಮಾವನನ್ನು ಬಿಡುತ್ತಾರೆ, ನಾನು ಹೇಳಿಸಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆ. ಕೆಟ್ಟದಿದ್ದರೆ ಕೆಟ್ಟದ್ದನ್ನೇ ಬರೆ. ಒಂದಕ್ಷರ ಸಿಹಿ ಬೆರೆಸಬೇಡ.

*

ಮಾರ್ಚ್ 13, ಸಂಜೆ

ಪುಟ್ಟಾ,

ನೋಡಿದೆ. ಕಂಡ ಹಾಗೆ ಬರೆಯುತ್ತೇನೆ.

ಆ ಕೋಣೆಗೆ ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಎರಡರ ನಡುವೆ ನರ್ಸಿನ ತೋಳು ಹಿಡಿದುಕೊಂಡೆ. "ಏನ್ರೀ, ಮಗು ನೀವಾ, ಅದಾ?" ಎಂದು ಬೈದಳು. ಎರಡನೇ ಬಾಗಿಲು ತೆರೆಯಿತು.

ಚಿಕ್ಕವಳು. ನನ್ನ ಅಂಗೈಯಿಂದ ಶುರುಮಾಡಿದರೆ ಮೊಣಕೈ ತಲುಪುವ ಮೊದಲೇ ಮುಗಿದುಹೋಗುತ್ತಾಳೆ. ಬಣ್ಣ ಕೆಂಪು, ಉಗುರಿನ ಹತ್ತಿರ ಸ್ವಲ್ಪ ನೀಲಿ. ನೀಲಿ ನಿನ್ನೆ ಇನ್ನೂ ಜಾಸ್ತಿಯಿತ್ತಂತೆ. ಚರ್ಮ ಅವಳ ಅಳತೆಯದಲ್ಲ, ದೊಡ್ಡವರ ಅಂಗಿ ಹಾಕಿಸಿದ ಹಾಗೆ ಮಡಿಕೆ ಮಡಿಕೆ. ತಲೆಯಲ್ಲಿ ಕೂದಲಿದೆ, ಬೆನ್ನ ಮೇಲೂ ಇದೆ. ಮೂಗಿನಲ್ಲಿ ಒಂದು ನಳಿಗೆ, ಅದು ಹಾಲಿಗೆ. ಕಾಲಿನಲ್ಲಿ ಒಂದು ಸೂಜಿ. ನೋಡಲು ಸಂಕಟವಾಗುತ್ತದೆ. ಉಸಿರಾಟದ ಪೈಪು ಮಧ್ಯಾಹ್ನ ನಾನಿರುವಾಗಲೇ ತೆಗೆದರು. ತೆಗೆದ ಮೇಲೆ ಒಂದು ಗಳಿಗೆ ಎದೆ ಏಳಲಿಲ್ಲ. ಡಾಕ್ಟರು ಬೆರಳಿನಿಂದ ಪಾದ ತಟ್ಟಿದರು. ಆಮೇಲೆ ಎದ್ದಿತು. ಆಮೇಲೆ ಏಳುತ್ತಲೇ ಇತ್ತು, ಸಂಜೆಯವರೆಗೂ ನೋಡುತ್ತಾ ನಿಂತಿದ್ದೆ.

ಡಾಕ್ಟರನ್ನು ಹಿಡಿದು ನಿಲ್ಲಿಸಿ, ಸಿಹಿ ಬೆರೆಸದೆ ಹೇಳಿ ಎಂದೆ. "ಇವತ್ತಿನದು ದೊಡ್ಡ ಗಂಡಾಂತರ, ಅದು ಕಳೀತು. ಇನ್ನೂ ವಾರಗಟ್ಟಲೆ ಇಲ್ಲೇ ಇರ್ಬೇಕು. ಜ್ವರ ಬರ್ಬಾರ್ದು. ಬರ್ದೇ ಇದ್ರೆ ಮನೆಗೆ ಕರ್ಕೊಂಡು ಹೋಗ್ತೀರಿ. ನನ್ನನ್ನ ಕೇಳಿದ್ರೆ ಕರ್ಕೊಂಡು ಹೋಗ್ತೀರಿ" ಎಂದರು. ಇಷ್ಟೇ ಹೇಳಿದ್ದು, ಇದಕ್ಕೆ ನಾನು ಏನೂ ಸೇರಿಸಿಲ್ಲ.

ಯಾರ ಹಾಗಿದ್ದಾಳೆ ಎಂದು ಕೇಳುತ್ತೀ. ಗೊತ್ತಾಗುವುದಿಲ್ಲ, ಮುಖ ಇನ್ನೂ ಯಾರದೂ ಅಲ್ಲ. ಆದರೆ ಒಂದು ನಡೆಯಿತು. ಪೈಪು ತೆಗೆದ ಮೇಲೆ ಡಾಕ್ಟರು, ಇಬ್ಬರು ನರ್ಸುಗಳು, ನಾನು, ನಾಲ್ಕೂ ಜನ ಗೂಡಿನ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಅವಳು ಒಂದು ಕಣ್ಣು ಅರ್ಧ ತೆರೆದು ನಮ್ಮ ಕಡೆ ತಿರುಗಿಸಿದಳು. ನೋಡಲು ಏನೂ ಇಲ್ಲವೆಂದು ಖಾತ್ರಿಯಾದವಳ ಹಾಗೆ, ಇಷ್ಟಗಲ ಬಾಯಿ ತೆರೆದು ಆಕಳಿಸಿದಳು.